ಜನರೇಟರ್ ಓಡುವಾಗ ಕರೆಂಟ್ ಬಂದದ್ದು ತಿಳಿಯುವುದು ಹೇಗೆ?

ಪ್ರಶ್ನೆ (ಆಗುಂಬೆ ಹತ್ತಿರದ ಒಂಟಿ ಮನೆ):
ಮಳೆಗಾಲದಲ್ಲಿ ಲೈನ್ ಮೇಲೆ ಮರ ಬಿದ್ದರೆ ಕರೆಂಟ್ ಬರುವುದು ರಾತ್ರಿಯೋ, ನಾಡಿದ್ದೋ. ಪಕ್ಕದ ಮನೆ ದೀಪ ನೋಡೋಣವೆಂದರೆ ತೋಟದಾಚೆ ಬರೀ ಕಾಡು. ಚೇಂಜ್‌ಓವರ್ (ಮನೆಯನ್ನು ಲೈನಿಗೋ ಜನರೇಟರ್‌ಗೋ ಜೋಡಿಸುವ ಸ್ವಿಚ್) ಜನರೇಟರ್ ಕಡೆ ಇರುವಾಗ ಏನೂ ಗೊತ್ತಾಗುವುದಿಲ್ಲ, ಸುಮ್ನೆ ಪೆಟ್ರೋಲ್ ಉರಿಯುತ್ತದೆ. ಗಂಟೆಗೊಮ್ಮೆ ಆಫ್ ಮಾಡಿ ನೋಡು ಅನ್ನುತ್ತಾರೆ ಅಪ್ಪಯ್ಯ. ಬೇರೆ ದಾರಿ ಇದೆಯಾ?

ಉತ್ತರ (ತೀರ್ಥಹಳ್ಳಿ, ವೈರಿಂಗ್ ಕೆಲಸದವನು):
ಮೀಟರ್ ಆದ ಮೇಲೆ, ಚೇಂಜ್‌ಓವರ್‌ಗೆ ಮೊದಲು, 230 ವೋಲ್ಟಿನ ಇಂಡಿಕೇಟರ್ ದೀಪ ಹಾಕಿಸಿ. ಅದಕ್ಕೇ ಒಂದು ಚಿಕ್ಕ ಎಂಸಿಬಿ (ಶಾರ್ಟ್ ಆದರೆ ತಾನೇ ಆಫ್ ಆಗುವ ಸ್ವಿಚ್) ಇರಲಿ. ಸ್ವಿಚ್ ಯಾವ ಕಡೆ ಇದ್ದರೂ ಲೈನಿಗೆ ಕರೆಂಟ್ ಬಂದ ಕೂಡಲೇ ಉರಿಯುತ್ತದೆ. ತ್ರೀ ಫೇಸ್ ಇದ್ದರೆ ಮೂರು ದೀಪ: ಕೆಂಪು, ಹಳದಿ, ನೀಲಿ. ನಮ್ಮ ಕಡೆ ಒಂದೇ ಫೇಸ್ ಬರುವುದು ಮಾಮೂಲು ಅಲ್ವಾ? ಮೂರೂ ಉರಿಯದೆ ತೋಟದ ಮೋಟಾರ್ ಹಾಕಬೇಡಿ, ಸುಟ್ಟೀತು.

ಪ್ರಶ್ನೆ ಕೇಳಿದವರು:
ಬೋರ್ಡ್ ಇರುವುದು ಹೊರಗಿನ ಜಗುಲಿಯಲ್ಲಿ. ಮಳೆಯಲ್ಲಿ ಯಾರು ಹೋಗಿ ನೋಡುವುದು?

ತೀರ್ಥಹಳ್ಳಿ:
ಹಾಗಾದರೆ ಬಜರ್ ಕೂಡಿಸಿ, ನಿಲ್ಲಿಸಲು ಸ್ವಿಚ್ ಇಟ್ಟು. ಇಲ್ಲದಿದ್ದರೆ ಅಪ್ಪಯ್ಯನಿಗೆ ನಿದ್ದೆಯಿಲ್ಲ!

ಉತ್ತರ (ಸಾಗರ):
ಬಂದ ತಕ್ಷಣ ಬದಲಿಸಬೇಡಿ, ಹತ್ತು ನಿಮಿಷ ಕಾಯಿರಿ. ಬಂದದ್ದು ಮತ್ತೆ ಹೋಗುವುದೇ ಜಾಸ್ತಿ. ಇನ್ನೊಂದು ಮಾತು. ಚೇಂಜ್‌ಓವರ್ ಇಲ್ಲದೆ ಸಾಕೆಟ್‌ಗೇ ಜನರೇಟರ್ ವೈರ್ ಚುಚ್ಚುವವರಿದ್ದಾರೆ. ಆ ಕರೆಂಟ್ ಹಿಂದಕ್ಕೆ ಹರಿದು ಟ್ರಾನ್ಸ್‌ಫಾರ್ಮರ್‌ನಲ್ಲಿ ಸಾವಿರಾರು ವೋಲ್ಟ್ ಆಗುತ್ತದೆ. ಕಂಬದ ಮೇಲಿರುವ ಲೈನ್‌ಮನ್ ಜೀವ ಹೋಗಬಹುದು.