ಪದಚರ್ಚೆ: ‘ಯುಎಸ್‌ಬಿ ಟು ಸೀರಿಯಲ್ ಅಡಾಪ್ಟರ್’ಗೆ ಏನನ್ನೋಣ? (ನಾಳೆ ಬೆಳಿಗ್ಗೆ ಪ್ರಿಂಟಿಗೆ)

ತುಮಕೂರಿನಿಂದ, ಶುಕ್ರವಾರ ಸಂಜೆ 6.40

ಎಲ್ಲರಿಗೂ ನಮಸ್ಕಾರ. ಒಂದು ಪದ ಬೇಕು, ಅದೂ ಇವತ್ತು ರಾತ್ರಿಯೊಳಗೆ.

ಶನಿವಾರ ಮನೆಗೆ ಎಲೆಕ್ಟ್ರಾನಿಕ್ಸ್ ಕಲಿಯಲು ಬರುವ ಹೈಸ್ಕೂಲ್ ಮಕ್ಕಳಿಗೆ ಕನ್ನಡದಲ್ಲಿ ಒಂದು ಗೋಡೆ ಚಾರ್ಟ್ ಮಾಡಿಸುತ್ತಿದ್ದೇನೆ. ಬಿ.ಎಚ್. ರಸ್ತೆಯ ಫ್ಲೆಕ್ಸ್ ಅಂಗಡಿಯವರು ನಾಳೆ ಬೆಳಿಗ್ಗೆ ಒಂಬತ್ತು ಗಂಟೆಗೆಲ್ಲ ಮ್ಯಾಟರ್ ಕೊಡಿ ಅಂದಿದ್ದಾರೆ. ಮಿಕ್ಕದ್ದೆಲ್ಲ ಮುಗಿದಿದೆ, ಇದೊಂದು ಮಾತ್ರ ಬಗೆಹರಿದಿಲ್ಲ.

ನೋಡದವರಿಗೆ: ಇದು ಹೆಬ್ಬೆರಳಷ್ಟು ಉದ್ದದ ಬಿಲ್ಲೆ. ಒಂದು ತುದಿ ಕಂಪ್ಯೂಟರಿನ ಯುಎಸ್‌ಬಿಗೆ, ಇನ್ನೊಂದು ತುದಿಯಲ್ಲಿ ಐದಾರು ಪಿನ್ನು. ನಾವು ಬಳಸುವ ‘ಪ್ರೊ ಮಿನಿ’ ಎಂಬ ಪುಟ್ಟ ಎಲೆಕ್ಟ್ರಾನಿಕ್ಸ್ ಬೋರ್ಡಿಗೆ ಯುಎಸ್‌ಬಿ ಬಾಯೇ ಇಲ್ಲ. ಪ್ರೋಗ್ರಾಂ ಹಾಕಲು ಈ ಬಿಲ್ಲೆಯೇ ಗತಿ.

‘ಅಡಾಪ್ಟರ್’ ಅಂದರೆ ಮಕ್ಕಳಿಗೆ ಗೋಡೆಯ ಪ್ಲಗ್ಗಿಗೆ ಚುಚ್ಚುವ ಕಪ್ಪು ಡಬ್ಬಿ. ಹೋದ ತಿಂಗಳು ‘ಅಡಾಪ್ಟರ್ ತಗೊಂಡು ಬಾರೋ’ ಅಂದರೆ ಒಬ್ಬ ವೈಫೈ ಪೆಟ್ಟಿಗೆಯ 12 ವೋಲ್ಟಿನದನ್ನು ಕಿತ್ತು ತಂದ. ಒಳಗಿನಿಂದ ನಮ್ಮತ್ತೆ ‘ಯಾರದು ನೆಟ್ಟು ತೆಗೆದಿದ್ದು?’ ಅಂತ ಕೂಗಿದರು. ಇನ್ನು ‘ಸೀರಿಯಲ್’ ಅಂದರೆ ಟಿವಿಯಲ್ಲಿ ಬರುವುದು, ಇಲ್ಲವೇ ಗಣೇಶನ ಪೆಂಡಾಲಿಗೆ ಕಟ್ಟುವ ಸೀರಿಯಲ್ ಸೆಟ್ಟು.

ಏನು ಬರೆಯಲಿ?

ಕೋಲಾರದಿಂದ, 7.05

ಸರಣಿ ಪರಿವರ್ತಕ. ಇದರಲ್ಲಿ ಚರ್ಚೆಗೆ ಏನಿದೆ?

ತುಮಕೂರಿನಿಂದ, 7.20

ಸಾರ್, ‘ಸರಣಿ’ ಬರೆದು ಅಳಿಸಿದೆ. ಹತ್ತನೇ ತರಗತಿ ವಿಜ್ಞಾನದಲ್ಲಿ ರೋಧಕಗಳ ‘ಸರಣಿ ಜೋಡಣೆ’ ಇದೆ. ಅದನ್ನು ಓದಿದ ಹುಡುಗಿ ಇದನ್ನೂ ಸರ್ಕ್ಯೂಟಿನ ನಡುವೆ ಸಿಕ್ಕಿಸಿಯಾಳು. ‘ಪರಿವರ್ತಕ’ವಂತೂ ಪೇಪರಿನಲ್ಲಿ ದಿನಾ ಬರುತ್ತದೆ, ‘ವಿದ್ಯುತ್ ಪರಿವರ್ತಕ ಸುಟ್ಟು ರೈತರಿಗೆ ತೊಂದರೆ’ ಅಂತ. ನಮ್ಮ ಕಡೆ ರೈತರು ಟಿಸಿ ಅನ್ನುತ್ತಾರಲ್ಲ, ಅದು. ಬೆರಳಷ್ಟು ಬಿಲ್ಲೆಗೆ ಟಿಸಿ ಹೆಸರು ಇಡೋಕಾಗುತ್ತಾ?

ಚಿಂತಾಮಣಿಯಿಂದ, 7.48

‘ವರಸೆ’ ಅನ್ನಿ. ಒಂದಾದ ಮೇಲೆ ಒಂದು ಬರುವುದೇ ವರಸೆ. ತೆಲುಗಿನಲ್ಲೂ ವರುಸ. ನಮ್ಮ ಕಡೆ ಎಲ್ಲರಿಗೂ ಅರ್ಥವಾಗುತ್ತದೆ.

ಕೋಲಾರದಿಂದ, 7.55

> ನಮ್ಮ ಕಡೆ ಎಲ್ಲರಿಗೂ ಅರ್ಥವಾಗುತ್ತದೆ

ನಮ್ಮ ಜಿಲ್ಲೆಯಲ್ಲೂ ತೆಲುಗು ಆಡುತ್ತೇವೆ ಸ್ವಾಮಿ. ಆದರೂ ಕನ್ನಡದಲ್ಲಿ ವರಸೆ ಅಂದರೆ ಮೊದಲು ನೆನಪಾಗುವುದು ‘ಅವನು ಯಾವ ವರಸೆಯಲ್ಲಿ ನಿಮಗೆ ಮಾವ?’ ಆಮೇಲೆ ಕುಸ್ತಿ. ಬೇಡ.

ತಿಪಟೂರಿನಿಂದ, 8.30

ಸಂಸ್ಕೃತದ ಸರಣಿಯೂ ಬೇಡ, ಇಂಗ್ಲಿಷಿನ ಸೀರಿಯಲ್ಲೂ ಬೇಡ. ನಮ್ಮದೇ ‘ಸಾಲು’ ಇದೆಯಲ್ಲ. ತಮಿಳಿನಲ್ಲಿ ಚಾಲ್ ಅಂದರೆ ಉತ್ತ ಗೆರೆ, ನಮ್ಮಲ್ಲೂ ನೇಗಿಲ ಸಾಲು. ಅಚ್ಚ ದ್ರಾವಿಡ.

ರಾಗಿ ಹೊಲ ನೆನೆಸಿಕೊಳ್ಳಿ. ಕೂರಿಗೆಯಲ್ಲಿ ಬಿತ್ತಿದರೆ ಹತ್ತಾರು ಸಾಲಿಗೆ ಒಟ್ಟಿಗೇ ಕಾಳು ಬೀಳುತ್ತದೆ. ಹಳೇ ಪ್ರಿಂಟರಿನ ದಪ್ಪ ಕೇಬಲ್ಲು ಹಾಗೆ: ಎಂಟು ತಂತಿ, ಎಂಟು ‘ಬಿಟ್’ (ಕಂಪ್ಯೂಟರಿನ ಸೊನ್ನೆ, ಒಂದುಗಳು) ಒಂದೇ ಏಟಿಗೆ. ರಾಗಿಯ ನಡುನಡುವೆ ಬರುವ ಅಕ್ಕಡಿ ಸಾಲಿಗೆ ಅವರೆ ಬಿಡುವುದು ಒಂದೇ ಕೊಳವೆಯಲ್ಲಿ, ಒಂದೊಂದೇ ಕಾಳು. ಅದೇ ಸೀರಿಯಲ್ಲು. ಇದಕ್ಕಿಂತ ಒಳ್ಳೆ ವಿವರಣೆ ಯಾವ ಕಾಲೇಜಿನಲ್ಲಿ ಸಿಗುತ್ತದೆ?

ಆದ್ದರಿಂದ: ಸಾಲ್ಮಾರ್ಪುಕ. ಸಾಲ್ + ಮಾರ್ಪು + ಕ.

ಕೋಲಾರದಿಂದ, 8.36

ಹೊಲ ಚೆನ್ನಾಗಿದೆ. ಪದ ಚೆನ್ನಾಗಿಲ್ಲ.

ಚಿಂತಾಮಣಿಯಿಂದ, 8.50

‘ಸರಣಿ’ ಸಂಸ್ಕೃತ ಅಂದವರಾರು? ಹೂವಿನ ಸರ, ಮುತ್ತಿನ ಸರ, ಅದರಿಂದ ಸರಣಿ. ಕನ್ನಡದ್ದೇ.

ತಿಪಟೂರಿನಿಂದ, 8.58

ಅಲ್ಲ. ಸರಣಿ ಅಂದರೆ ಸಂಸ್ಕೃತದಲ್ಲಿ ದಾರಿ. ‘ಸೃ’ ಧಾತು, ಸರಿ, ಚಲಿಸು ಅಂತ ಅರ್ಥ. ನಿಮ್ಮ ಹೂವಿನ ಸರವೂ ಅಲ್ಲಿದೆ, ದಾರ ಅನ್ನುವ ಅರ್ಥದಲ್ಲಿ. ನಿಘಂಟು ತೆಗೆದು ನೋಡಿ ಬರೆಯಿರಿ.

ಗೌರಿಬಿದನೂರಿನಿಂದ, 9.25

ಬೆಂಗಳೂರಿನ ಎಸ್.ಪಿ. ರೋಡಿನ ಎಲೆಕ್ಟ್ರಾನಿಕ್ಸ್ ಅಂಗಡಿಗೆ ಹೋಗಿ ‘ಸಾಲ್ಮಾರ್ಪುಕ ಕೊಡಿ’ ಅಂತ ಕೇಳಿ ನೋಡಿ, ಬಟ್ಟೆ ಅಂಗಡಿಗೆ ಕಳಿಸುತ್ತಾರೆ. ಅಲ್ಲಿ ನಡೆಯುವುದು ‘ಯುಎಸ್‌ಬಿ ಟಿಟಿಎಲ್ ಕನ್ವರ್ಟರ್’, ಇಲ್ಲವೇ ಚಿಪ್ಪಿನ ಹೆಸರು: ಸಿಎಚ್340, ಸಿಪಿ2102, ಎಫ್‌ಟಿ232. ಕಂಪ್ಯೂಟರಿಗೆ ಅದರ ಡ್ರೈವರ್ ತಂತ್ರಾಂಶ ಹುಡುಕುವಾಗಲೂ ಆ ಹೆಸರೇ ಬೇಕು.

ಇನ್ನೊಂದು ತಮಾಷೆ. ಯುಎಸ್‌ಬಿಯ ನಡುವಿನ ‘ಎಸ್’ ಕೂಡ ಸೀರಿಯಲ್ಲೇ. ಅಂದರೆ ನಾವು ಇಲ್ಲಿ ಸಂಜೆಯಿಂದ ಜಗಳವಾಡುತ್ತಿರುವುದು ಸೀರಿಯಲ್ಲಿನಿಂದ ಸೀರಿಯಲ್ಲಿಗೆ ಹೋಗುವ ವಸ್ತುವಿಗೆ.

ಮೇಡಂ, ಹೆಸರಿಗಿಂತ ಮುಖ್ಯವಾದದ್ದು ಹೇಳುತ್ತೇನೆ. ‘ಹಳೇ ಕಂಪ್ಯೂಟರಿನ ಸೀರಿಯಲ್ ಪೋರ್ಟ್ ತರಹ’ ಅಂತ ಚಾರ್ಟಿನಲ್ಲಿ ಬರೆದಿದ್ದರೆ ತೆಗೆದುಬಿಡಿ. ಆ ಒಂಬತ್ತು ಪಿನ್ನಿನದು ಆರ್‌ಎಸ್-232. ಅದರಲ್ಲಿ ಮೈನಸ್ 15ರಿಂದ ಪ್ಲಸ್ 15 ವೋಲ್ಟಿನವರೆಗೂ ಆಡಬಹುದು. ನಿಮ್ಮ ಬೋರ್ಡಿಗೆ ನೇರ ಕೊಟ್ಟರೆ ಸುಟ್ಟೇ ಹೋಗಬಹುದು. ಬಿಲ್ಲೆಯಲ್ಲೂ 3.3 ಮತ್ತು 5 ವೋಲ್ಟಿಗೆ ಜಂಪರ್ (ವೋಲ್ಟೇಜ್ ಆರಿಸುವ ಪುಟ್ಟ ಕೊಂಡಿ) ಇದ್ದರೆ ಮೊದಲು ಅದನ್ನು ನೋಡಲು ಹೇಳಿ.

ತಿಪಟೂರಿನಿಂದ, 9.40

ಅಂಗಡಿಯವನು ಅಂದದ್ದೇ ಕನ್ನಡ ಅನ್ನುವುದಾದರೆ ಈ ಬಳಗ ಯಾಕೆ? ಮುಚ್ಚಿಬಿಡೋಣ.

ಗೌರಿಬಿದನೂರಿನಿಂದ, 9.47

ಅರ್ಜಿ, ಜಮೀನು ಎರಡೂ ಪಾರಸಿ ಕಡೆಯಿಂದ ಬಂದವು. ಚಾವಿ ಪೋರ್ಚುಗೀಸರದು. ನಿಮ್ಮ ಜಮೀನಿನ ಪಹಣಿಗೆ ಅರ್ಜಿ ಹಾಕುವಾಗ ಅಚ್ಚಗನ್ನಡ ಎಲ್ಲಿರುತ್ತದೆ ಸಾರ್?

ತಿಪಟೂರಿನಿಂದ, 9.52

ಟೆಲಿಗ್ರಾಮಿಗೆ ನಮ್ಮ ಜನ ‘ತಂತಿ’ ಅಂದರು. 2013ರಲ್ಲಿ ಆ ಸೇವೆ ನಿಲ್ಲುವವರೆಗೂ ‘ತಂತಿ ಬಂತು’ ಅಂದರೆ ಎದೆ ಧಸಕ್ಕೆನ್ನುತ್ತಿತ್ತು. ಯಾರಿಗೂ ಅರ್ಥವಾಗಲಿಲ್ಲವೇ? ಇಡುವವರು ಇಟ್ಟರೆ ನಿಲ್ಲುತ್ತದೆ.

ಕೋಲಾರದಿಂದ, 9.54

ತಂತಿ ‘ತಂತ್ರೀ’ಯ ತದ್ಭವ. ನಿಘಂಟು ತೆಗೆದು ನೋಡಿ ಬರೆಯಿರಿ.

ತುಮಕೂರಿನಿಂದ, 10.30

ಸಾಕು ಸಾಕು, ನಾಳೆಗೂ ಸ್ವಲ್ಪ ಉಳಿಸಿಕೊಳ್ಳಿ. ನಾನು ಇಷ್ಟು ಬರೆದು ಕಳಿಸುತ್ತಿದ್ದೇನೆ:

‘ಯುಎಸ್‌ಬಿ–ಸೀರಿಯಲ್ ಕನ್ವರ್ಟರ್. ಕಂಪ್ಯೂಟರಿನ ಮಾತನ್ನು ಬೋರ್ಡಿಗೆ ಮುಟ್ಟಿಸುವ ಬಿಲ್ಲೆ. ಬಿಟ್ಟುಗಳು ಒಂದೇ ಸಾಲಿನಲ್ಲಿ, ಒಂದರ ಹಿಂದೆ ಒಂದು ಹೋಗುತ್ತವೆ. ಮೊದಲು ವೋಲ್ಟೇಜ್ ಜಂಪರ್ ನೋಡಿ. ಟಿಎಕ್ಸ್ ಕಳಿಸುವ ಪಿನ್ನು, ಆರ್‌ಎಕ್ಸ್ ಪಡೆಯುವ ಪಿನ್ನು. ಈ ಎರಡನ್ನು ಕತ್ತರಿಯಾಗಿ ಜೋಡಿಸಿ: ಇದರ ಟಿಎಕ್ಸ್ ಅದರ ಆರ್‌ಎಕ್ಸ್‌ಗೆ. ಗ್ರೌಂಡಿಗೆ ಗ್ರೌಂಡು.’

ಅಡಾಪ್ಟರ್ ಎಲ್ಲೂ ಇಲ್ಲ. ತಿಪಟೂರಿನವರ ಸಾಲು ಒಳಗೆ ಬಂದಿದೆ, ಕೂರಿಗೆಯ ಚಿತ್ರವನ್ನೂ ಮೂಲೆಯಲ್ಲಿ ಹಾಕಿಸುತ್ತೇನೆ. ‘ಕತ್ತರಿ’ ಮಾತ್ರ ನನ್ನದು, ಅದಕ್ಕೆ ಯಾರೂ ಮೂಲ ಹುಡುಕಬೇಡಿ.

ತಿಪಟೂರಿನಿಂದ, 10.41

ಕತ್ತರಿ ಸಂಸ್ಕೃತದ ‘ಕರ್ತರೀ’.

ತುಮಕೂರಿನಿಂದ, ಶನಿವಾರ ಬೆಳಿಗ್ಗೆ 11.15

ಚಾರ್ಟ್ ಬಂತು. ಕೂರಿಗೆ ಚೆನ್ನಾಗಿದೆ. ಆದರೆ ಅಂಗಡಿಯ ಹುಡುಗ ಯುನಿಕೋಡಿನಿಂದ ತನ್ನ ಫಾಂಟಿಗೆ ಬದಲಿಸುವಾಗ ಅಕ್ಷರ ಕೂಡದಂತೆ ನಡುವೆ ತಡೆಯುವ ಕಾಣದ ಗುರುತು ಹೋಗಿ ಎಲ್ಲ ಕಡೆ ‘ಯುಎಸ್ಬಿ’ ಆಗಿದೆ. ಮೂರಡಿ ಅಗಲದ ಫ್ಲೆಕ್ಸಿನಲ್ಲಿ ಒತ್ತಕ್ಷರದ ‘ಬ’ ಅಂಗೈಯಷ್ಟು ದೊಡ್ಡದಾಗಿ ನೇತಾಡುತ್ತಿದೆ. ಸ್ಟಿಕ್ಕರ್ ಹಚ್ಚುತ್ತಾ ಕೂತಿದ್ದೇನೆ.