ಪುಟ್ಟನ ಮೈ ಕಡಿತಕ್ಕೆ ದೊಡ್ಡಮ್ಮನ ಉತ್ತರ

ಮಗಳೇ, ನಿನ್ನ ಮೆಸೇಜು ಈಗ ನೋಡಿದೆ. ಟೈಪ್ ಮಾಡ್ತಾ ಕೂತರೆ ಬೆಳಗಾಗುತ್ತದೆ, ಅದಕ್ಕೇ ಮಾತಾಡಿ ಕಳಿಸುತ್ತಿದ್ದೇನೆ. ಪುಟ್ಟ ಕ್ಯಾಂಪಿನಿಂದ ಬಂದಾಗಿನಿಂದ ಸೊಂಟ, ಕಂಕುಳು ಕೆರೆದುಕೊಳ್ಳುತ್ತಿದ್ದಾನೆ, ಬನಿಯನ್ ಹೊಲಿಗೆಯಲ್ಲಿ ಹೇನಿನಂಥದ್ದು ಸಿಕ್ಕಿದೆ, ತಲೆ ಬೋಳಿಸಬೇಕಾ ಅಂತ ಕೇಳಿದ್ದೀಯ. ಅದರ ಕೆಳಗೆ ನಮ್ಮ ಭಾವ ಸೀಮೆಎಣ್ಣೆ ಹಚ್ಚು ಅಂತ ಬರೆದಿದ್ದಾರೆ. ಅಮ್ಮಾ ತಾಯಿ, ಮಗುವಿನ ಮೈಗೆ ಸೀಮೆಎಣ್ಣೆ ಮುಟ್ಟಿಸಬೇಡ! ನಿನಗೆ ಸಿಕ್ಕಿದ್ದು ಕೂರೆ ಇರಬೇಕು, ಅಂದರೆ ಬಟ್ಟೆಯಲ್ಲಿ ಇರೋ ಹೇನು.

ನನಗಾಗಿದ್ದು ಗೊತ್ತಲ್ಲ. ರಜೆಗೆ ಚಿಕ್ಕಪ್ಪನ ಮನೆಗೆ ಹೋಗಿದ್ದೆವು, ಮಕ್ಕಳೆಲ್ಲ ಒಂದೇ ಕಂಬಳಿಯಲ್ಲಿ ಮಲಗುತ್ತಿದ್ದೆವು. ಮೈಯೆಲ್ಲ ತುರಿಕೆ ಶುರುವಾಯಿತು. ಚಿಕ್ಕಪ್ಪ ಯಾರನ್ನೂ ಕೇಳಲಿಲ್ಲ. ಸೀಮೆಎಣ್ಣೆ ತಂದು ನನ್ನ ಕತ್ತು, ಬೆನ್ನಿಗೆ ತಿಕ್ಕಿಬಿಟ್ಟರು. ಪಕ್ಕದಲ್ಲೇ ಒಲೆ ಉರಿಯುತ್ತಿತ್ತು, ಅಜ್ಜಿ ಬಂದು ನನ್ನನ್ನು ಆಚೆ ಎಳೆಯದಿದ್ದರೆ ಇವತ್ತು ನಿನ್ನ ಜೊತೆ ಮಾತಾಡೋಕೆ ನಾನಿರುತ್ತಿರಲಿಲ್ಲ. ಚರ್ಮ ಕೆಂಪಗಾಗಿ ಬೊಕ್ಕೆ ಎದ್ದಿತು. ಅಷ್ಟೆಲ್ಲ ಆದರೂ ಅದೇ ಫ್ರಾಕ್ ಹಾಕಿಸಿದರು ನೋಡು, ರಾತ್ರಿ ಮತ್ತೆ ಕಡಿತ!

ಮಾರನೇ ದಿನ ಅಜ್ಜಿ ಫ್ರಾಕಿನ ಸೊಂಟದ ಪಟ್ಟಿ ಮಗುಚಿ ಬೆಳಕಿಗೆ ಹಿಡಿದರು. ಹೊಲಿಗೆಯುದ್ದಕ್ಕೂ ಸೀರು, ಅಂದರೆ ಅವುಗಳ ಮೊಟ್ಟೆ, ಮಾಸಲು ಬಿಳಿ, ಉಗುರಲ್ಲಿ ಕೆರೆದರೂ ಬರುತ್ತಿರಲಿಲ್ಲ. ನಡುವೆ ಎಳ್ಳಿನಷ್ಟು ದಪ್ಪದ ಕೂರೆ ಒಂದೆರಡು ನಿಧಾನವಾಗಿ ಹರಿದಾಡುತ್ತಿದ್ದವು. ಮೈಯಲ್ಲಿ ಹುಡುಕಿದರೆ ಒಂದೂ ಇಲ್ಲ. ಅವು ಇರೋದು ಬಟ್ಟೆಯಲ್ಲಿ ಕಣೇ, ಮೈಗೆ ಬರೋದು ರಕ್ತ ಹೀರೋಕೆ ಮಾತ್ರ. ನಿಮ್ಮ ದೊಡ್ಡಪ್ಪ ಇದನ್ನು ಪಾಠದಲ್ಲಿ ಹೇಳುತ್ತಿದ್ದರು. ಆಫ್ರಿಕಾದ ಟ್ಯುನಿಸ್ ಊರಲ್ಲಿ ಚಾರ್ಲ್ಸ್ ನಿಕೋಲ್ ಅಂತ ಡಾಕ್ಟರು, ಟೈಫಸ್ ಜ್ವರದವರಿಗೆ ಸ್ನಾನ ಮಾಡಿಸಿ ಬಟ್ಟೆ ಬದಲಿಸಿದ ಮೇಲೆ ಅವರಿಂದ ಜ್ವರ ಹರಡುತ್ತಿಲ್ಲ ಅನ್ನೋದನ್ನು ಗಮನಿಸಿದರಂತೆ. 1909ರಲ್ಲಿ ಅದನ್ನು ಹರಡೋದು ಕೂರೆ ಅಂತ ತೋರಿಸಿದರು, 1928ರಲ್ಲಿ ನೊಬೆಲ್ ಬಂತು. ತಲೆ ಹೇನು ಬರೀ ಪೀಡೆ, ರೋಗ ಹರಡಲ್ಲ. ಈ ಕೂರೆ ಹಾಗಲ್ಲ.

ಕೂರೆ ಬಂದಿದ್ದು ಅವರ ಕಂಬಳಿಯಿಂದ, ಹೆಸರು ಕೆಟ್ಟಿದ್ದು ನನ್ನದು! ಇವತ್ತಿಗೂ ಆ ಮನೆಯವರು ಯಾರ ಮದುವೆಯಲ್ಲಿ ಸಿಕ್ಕರೂ 'ನಮ್ಮ ಮನೆಗೆ ಹೇನು ತಂದವಳು' ಅಂತ ನಗುತ್ತಾರೆ. ಭಾವನೂ ನಗುತ್ತಾರೆ, ಕೇಳಿಸಿಕೊಳ್ಳಲಿ ಬಿಡು. ಆಮೇಲೆ ಅಜ್ಜಿಯ ಹೊಸ ಕಂಬಳಿ ಕೂಡ ಅವರ ಪಾಲಿಗೇ ಹೋಯಿತು. ನಾನು ಬಾಯಿ ಬಿಟ್ಟೆನಾ? ಇಲ್ಲ. ಭಾವ ಹಬ್ಬಕ್ಕೆ ಕೂಡ ಒಂದು ಫೋನು ಮಾಡಲ್ಲ, ಸೀಮೆಎಣ್ಣೆ ಹೇಳೋಕೆ ಮಾತ್ರ ಮುಂದೆ.

ಮತ್ತೆ ಹೇಳುತ್ತೇನೆ, ಸೀಮೆಎಣ್ಣೆ ಬೇಡ, ತಿಗಣೆ ಸ್ಪ್ರೇನೂ ಬೇಡ. ತಲೆ ಬೋಳಿಸೋದೂ ಸುಮ್ನೆ, ಕೂರೆ ಕೂದಲಲ್ಲಿ ಕೂರಲ್ಲ.

ಅಯ್ಯೋ, ಮಾಡಬೇಕಾದ್ದೇ ಹೇಳಲಿಲ್ಲ ಅಲ್ವಾ. ಅವನಿಗೆ ಸೋಪು ಹಚ್ಚಿ ಚೆನ್ನಾಗಿ ಸ್ನಾನ ಮಾಡಿಸಿ ಒಗೆದ ಬಟ್ಟೆ ಹಾಕು. ಕ್ಯಾಂಪಿಗೆ ಒಯ್ದ ಬಟ್ಟೆ, ಟವಲು, ಹೊದಿಕೆ ಎಲ್ಲ ಬಿಸಿ ನೀರಲ್ಲಿ ಒಗೆ, 54 ಡಿಗ್ರಿಗಿಂತ ಜಾಸ್ತಿ ಇರಲಿ. ಒಣಗಿದ ಮೇಲೆ ಹೊಲಿಗೆಗಳ ಮೇಲೆ ಬಿಸಿ ಇಸ್ತ್ರಿ ಎಳೆ. ಒಗೆಯೋಕೆ ಆಗದ ಜಾಕೆಟ್ಟನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಬಾಯಿ ಬಿಗಿದು 2 ವಾರ ಇಡು. ರಕ್ತ ಸಿಗದಿದ್ದರೆ ಕೂರೆ ಒಂದು ವಾರದಲ್ಲಿ ಸಾಯುತ್ತವೆ. ಸೀರು ಒಡೆಯೋಕೆ ಇನ್ನೂ ಸ್ವಲ್ಪ ದಿನ ಬೇಕು, ಅದಕ್ಕೇ 2 ವಾರ. ಅವನ ಜೊತೆ ಮಲಗಿದವರ ಬಟ್ಟೆಯನ್ನೂ ನೋಡು. ನಾಯಿಯನ್ನು ಆಚೆ ಕಟ್ಟಬೇಡ, ಇದು ಮನುಷ್ಯರ ಕೂರೆ. ಕೆರೆದ ಜಾಗ ಕೀವಾದರೆ, ಜ್ವರ ಬಂದರೆ ಡಾಕ್ಟರ ಹತ್ತಿರ ಹೋಗು, ಕೂರೆ ಸಿಕ್ಕಿದ್ದನ್ನು ನಾಚಿಕೆ ಪಡದೆ ಹೇಳು.