ಡ್ರೋನ್ ನಕ್ಷೆಯನ್ನು ಜರ್ಮನಿಗೆ ಕಳಿಸಬಹುದಾ?

ಹುಬ್ಬಳ್ಳಿ ಸರ್ವೇಯರ್:
ಇಳಕಲ್ ಹತ್ತಿರ ಒಂದು ಗ್ರಾನೈಟ್ ಕ್ವಾರಿಯ ಡ್ರೋನ್ ಸರ್ವೆ ಮುಗಿಸಿದ್ದೇನೆ. ಅಲ್ಲಿಂದ ಕಲ್ಲು ಕೊಳ್ಳುವ ಜರ್ಮನಿಯ ಕಂಪನಿ ಆರ್ಥೋಮೊಸಾಯಿಕ್ (ಡ್ರೋನ್ ಫೋಟೋಗಳನ್ನು ಜೋಡಿಸಿ ಮಾಡಿದ ಅಳತೆಯ ನಕ್ಷೆ), ಎತ್ತರದ ಮಾಡೆಲ್ (ನೆಲದ ಏರಿಳಿತದ ಡಿಜಿಟಲ್ ಮಾದರಿ) ಎರಡನ್ನೂ ಕೇಳುತ್ತಿದೆ. ನೆಲದಲ್ಲಿ ಜಿಸಿಪಿ (ನಕ್ಷೆಯನ್ನು ಸರಿಯಾದ ಜಾಗಕ್ಕೆ ಕೂರಿಸುವ ನೆಲಗುರುತು) ಹಾಕಿ ಡಿಜಿಪಿಎಸ್‌ನಲ್ಲಿ (ಹೆಚ್ಚು ನಿಖರವಾದ ಜಿಪಿಎಸ್) ಅಳೆದಿದ್ದೇವೆ, ನಿಖರತೆ 5 ಸೆಂ.ಮೀ. ಒಳಗಿದೆ. ಯಾರ ಹೆಸರೂ ಇಲ್ಲ, ಫೋನ್ ನಂಬರೂ ಇಲ್ಲ. ಬರೀ ಕಲ್ಲು, ಮಣ್ಣು. ಕಳಿಸಿದರೆ ಏನಾದರೂ ತೊಂದರೆಯಾ?

ನಕ್ಷೆಗಾರ, ಬೆಂಗಳೂರು:
ದಯವಿಟ್ಟು ಕಳಿಸಬೇಡಿ. ವೈಯಕ್ತಿಕ ಮಾಹಿತಿ ಇಲ್ಲ ಅಂದ ಮಾತ್ರಕ್ಕೆ ದಾರಿ ತೆರೆಯುವುದಿಲ್ಲ. ಕೇಂದ್ರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆ 2021ರ ಫೆಬ್ರವರಿ 15ರಂದು ಹೊರಡಿಸಿದ ಮಾರ್ಗಸೂಚಿ ನೋಡಿ. ಅಡ್ಡಳತೆಯಲ್ಲಿ 1 ಮೀಟರ್, ಎತ್ತರದಲ್ಲಿ 3 ಮೀಟರ್ ಅಂತ ಮಿತಿ ಇಟ್ಟಿದ್ದಾರೆ. ಅದಕ್ಕಿಂತ ನಿಖರವಾದ ನಕ್ಷೆ ದೇಶದೊಳಗಿನ ಸರ್ವರ್‌ನಲ್ಲೇ ಇರಬೇಕು. ಪ್ರೊಸೆಸಿಂಗ್ ಕೂಡ ಇಲ್ಲೇ ಆಗಬೇಕು. ಇದನ್ನು ಜಾಸ್ತಿ ಜನ ಗಮನಿಸುವುದಿಲ್ಲ. ಫೋಟೋಗಳನ್ನು ಆನ್‌ಲೈನ್ ಪ್ರೊಸೆಸಿಂಗ್ ಸೈಟ್‌ಗೆ ಹಾಕುವ ಮೊದಲು ಅದರ ಸರ್ವರ್ ಎಲ್ಲಿದೆ ಅಂತ ಕೇಳಿ. ಮುಂಬೈ ರೀಜನ್ (ಮುಂಬೈನಲ್ಲಿರುವ ಸರ್ವರ್) ಆಯ್ಕೆ ಇದ್ದರೆ ಅದನ್ನೇ ಆರಿಸಿ.

ಹುಬ್ಬಳ್ಳಿ ಸರ್ವೇಯರ್:
ಪಿಕ್ಸೆಲ್ ದೊಡ್ಡದು ಮಾಡಿ ಕಳಿಸಿದರೆ? ಅಥವಾ ಅವರ ಪುಣೆ ಶಾಖೆಗೆ ಕೊಟ್ಟರೆ?

ನಕ್ಷೆಗಾರ, ಬೆಂಗಳೂರು:
ಮಾರ್ಗಸೂಚಿ ಹೇಳುವುದು ಪಿಕ್ಸೆಲ್ ಗಾತ್ರವನ್ನಲ್ಲ, ಜಾಗದ ನಿಖರತೆಯನ್ನು. ಸುಮ್ನೆ ಚಿತ್ರ ಮಸುಕು ಮಾಡಿ ಪಾರಾಗಬಹುದು ಅಂದುಕೊಳ್ಳಬೇಡಿ. ಪುಣೆ ಶಾಖೆಯ ಒಡೆತನ, ಹಿಡಿತ ಎರಡೂ ವಿದೇಶಿಯರದ್ದಾದರೆ ಅದು ಭಾರತೀಯ ಸಂಸ್ಥೆ ಅನ್ನಿಸಿಕೊಳ್ಳುವುದಿಲ್ಲ. ಅಂಥವರು ಇಂಥ ನಕ್ಷೆ ಬಳಸಲು ಭಾರತೀಯ ಸಂಸ್ಥೆಯಿಂದ ಲೈಸೆನ್ಸ್ ಪಡೆಯಬಹುದು, ಆದರೆ ಭಾರತದ ಗ್ರಾಹಕರ ಸೇವೆಗೆ ಮಾತ್ರ. ಅದೂ ನಕ್ಷೆ ಅವರ ಸರ್ವರ್ ಮೂಲಕ ಹಾದುಹೋಗದಂಥ ಎಪಿಐ (ಒಂದು ಸಾಫ್ಟ್‌ವೇರ್ ಇನ್ನೊಂದರಿಂದ ಮಾಹಿತಿ ಕೇಳುವ ಕೊಂಡಿ) ಮೂಲಕ.

ಗಡಿಯ ನಕ್ಷೆಗೆ ಈ ಬಿಗಿ ಬೇಕು, ಒಪ್ಪುತ್ತೇನೆ. ಕಲ್ಲು ಕ್ವಾರಿಗೂ ಅದೇ ಅಳತೆಗೋಲು ಹಿಡಿಯುವುದು ನನಗೆ ಸರಿ ಕಾಣುವುದಿಲ್ಲ. ನಿಮ್ಮಂಥ ಸಣ್ಣ ತಂಡಗಳಿಗೆ ಹೊರದೇಶದ ಕೆಲಸ ಕೈತಪ್ಪುತ್ತದೆ. ಹಾಗಂತ 2021ರ ಮೊದಲು ಇದ್ದ ಅನುಮತಿಗಳ ಕಾಟಕ್ಕೆ ಹೋಲಿಸಿದರೆ ಈಗ ಎಷ್ಟೋ ಹಗುರ, ಅಲ್ವಾ?

ಸ್ಟುಟ್‌ಗಾರ್ಟ್ ಕನ್ನಡಿಗ:
ಇಲ್ಲಿನವರಿಗೆ ಇದು ವಿಚಿತ್ರ ಅನ್ನಿಸಬಹುದು. ವೈಯಕ್ತಿಕವಲ್ಲದ ಡೇಟಾ ನಮ್ಮ ದೇಶದಲ್ಲೇ ಇರಬೇಕು ಅಂತ ಐರೋಪ್ಯ ಒಕ್ಕೂಟದ ಸದಸ್ಯ ದೇಶಗಳು ಹೇಳುವಂತಿಲ್ಲ. 2018ರ ನಿಯಮ ಅದನ್ನು ತಡೆಯುತ್ತದೆ, ಸಾರ್ವಜನಿಕ ಭದ್ರತೆಯ ಕಾರಣ ಇದ್ದರೆ ಮಾತ್ರ ವಿನಾಯಿತಿ. ಆದರೆ ಒಕ್ಕೂಟದ ಹೊರಗಿನ ಮಾತು ಬೇರೆ. 2025ರ ಸೆಪ್ಟೆಂಬರ್ 12ರಿಂದ ಒಕ್ಕೂಟದ ಡೇಟಾ ಆಕ್ಟ್ ಎಂಬ ಕಾನೂನು ಅನ್ವಯವಾಗುತ್ತಿದೆ. ಹೊರದೇಶದ ಸರ್ಕಾರ ಕಾನೂನುಬಾಹಿರವಾಗಿ ಒಕ್ಕೂಟದಲ್ಲಿರುವ ಇಂಥ ಡೇಟಾಗೆ ಕೈಹಾಕದಂತೆ ಕ್ಲೌಡ್ ಕಂಪನಿಗಳೇ ತಡೆಯಬೇಕು. ಇದನ್ನು ನೆನಪಿಸಿದರೆ ನಿಮ್ಮ ಗ್ರಾಹಕರಿಗೆ ಬೇಗ ಅರ್ಥವಾಗುತ್ತದೆ.

ಹುಬ್ಬಳ್ಳಿ ಸರ್ವೇಯರ್:
ಇಬ್ಬರಿಗೂ ಧನ್ಯವಾದ. ಅವರಿಗೆ ನಿಜವಾಗಿ ಬೇಕಿರುವುದು ರಾಶಿಯಲ್ಲಿ ಎಷ್ಟು ಘನಮೀಟರ್ ಕಲ್ಲಿದೆ ಅನ್ನುವ ಲೆಕ್ಕ. ಅದನ್ನು ಇಲ್ಲೇ ಮಾಡಿ, ಅಕ್ಷಾಂಶ ರೇಖಾಂಶ ಇಲ್ಲದ ಪಟ್ಟಿ ಮಾತ್ರ ಕಳಿಸುತ್ತೇನೆ.